ಎರಡು ರೌಂಡಿನ ಹಾದಿ

ಛಟ್ಟಿ ಅಮಾವಾಸ್ಯೆಯ ಮುಂಜಾನೆ ಆರೂವರೆಗೆ ನಾನೂ ನನ್ನ ಹೆಂಡತಿ ಗಂಗವ್ವನೂ ಉಣಕಲ್ಲಿನ ಮನೆಗೆ ಕೀಲಿ ಹಾಕಿ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೊರಟೆವು. ಆಟೋದವನು ಇನ್ನೂರೈವತ್ತು ರೂಪಾಯಿ ಕೇಳಿದ. ಬೇರೆ ದಿನವಾಗಿದ್ದರೆ ಅವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಕೇಳಿದ್ದನ್ನು ಕೊಟ್ಟು ಮೇಲೆ ಎರಡು ಪೇಡೆಯನ್ನೂ ಕೊಟ್ಟೆ.

"ಏನ ವಿಶೇಷ ಕಾಕಾ?" ಅಂದ.

"ನಾ ಅಜ್ಜ ಆಗೇನಿ. ಹೆಣ್ಣ ಕೂಸು. ವಿಮಾನದಾಗ ನೋಡಾಕ ಹೊಂಟೇನಿ."

"ಎಲ್ಲಿಗ್ರೀ?"

"ಗುವಾಹಟಿಗೆ. ಅಸ್ಸಾಮಿನ್ಯಾಗ ಐತಿ. ಭಾಳ ದೂರ."

ಆ ಕೊನೆಯ ಮಾತು ನನ್ನ ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಗಂಗವ್ವ ಮಡಿಲಲ್ಲಿದ್ದ, ಕೂಸಿಗೆಂದು ಹೊಲಿದ ಕೌದಿಯ ಗಂಟನ್ನು ಸರಿಮಾಡಿಕೊಂಡು ಹೊರಗೆ ನೋಡುತ್ತ ಕೂತಳು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮೂವತ್ತೊಂದು ವರ್ಷ ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸು ಓಡಿಸಿದ್ದೇನೆ. ನನ್ನ ಜೊತೆ ನಿವೃತ್ತರಾದ ಗೆಳೆಯರು, ವಿಮಾನದಲ್ಲಿ ಹೋಗಿಬಂದದ್ದನ್ನು ಬರೆದು ಕೊಡು, ಎಲ್ಲರೂ ಓದುತ್ತೇವೆ ಅಂದರು. ಬರೆಯಲು ಕೂತರೆ ವಿಮಾನಕ್ಕಿಂತ ನನ್ನ ನಾಚಿಕೆಯೇ ಮುಂದೆ ಬಂದು ನಿಲ್ಲುತ್ತದೆ. ಸಂತೋಷವೂ ಹಿಡಿಸಲಾರದಷ್ಟಿದೆ. ಎರಡನ್ನೂ ಬರೆಯುತ್ತೇನೆ. ಓದಿ ನಗುವವರು ನಗಲಿ.

ನಮಗೆ ಒಬ್ಬಳೇ ಮಗಳು, ಗೀತಾ. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಅಲ್ಲೇ ರಕ್ತ ಪರೀಕ್ಷೆಯ ಕೆಲಸಕ್ಕಿದ್ದ ಬಿಪುಲ್ ಎಂಬ ಅಸ್ಸಾಮಿನ ಹುಡುಗನನ್ನು ಮೆಚ್ಚಿದಳು. ಐದು ವರ್ಷದ ಹಿಂದೆ ಇಬ್ಬರೂ ರಿಜಿಸ್ಟರ್ ಮದುವೆಯಾದರು. ನಾನು ಹೋದೆ, ಬಾಗಿಲಲ್ಲೇ ನಿಂತೆ, ಸಹಿ ಆದ ಮೇಲೆ ಡ್ಯೂಟಿ ಇದೆ ಅಂತ ಬಂದುಬಿಟ್ಟೆ. ಅವರು ಗುವಾಹಟಿಗೆ ಹೊರಟ ದಿನ ಕಳಿಸಲೂ ಹೋಗಲಿಲ್ಲ. ಆಮೇಲೆ ಅವಳು ಫೋನಿನಲ್ಲಿ ಬಾ ಅಂದಾಗಲೆಲ್ಲ "ಭಾಳ ದೂರವಾ, ನಿಮ್ಮವ್ವಗ ಮೊಳಕಾಲ ನೋವು, ರೈಲಿನ್ಯಾಗ ಮೂರ ದಿನದ ಹಾದಿ ಹೆಂಗ ಬರೂದು?" ಅನ್ನುತ್ತಿದ್ದೆ. ಅವಳು "ಹೂಂ ಅಪ್ಪಾ" ಅನ್ನುತ್ತಿದ್ದಳು. ಖರೇ ಹೇಳಬೇಕೆಂದರೆ ಹಾದಿ ನನ್ನನ್ನು ತಡೆದಿರಲಿಲ್ಲ. ಬೇರೆ ಜಾತಿ, ಬೇರೆ ಭಾಷೆ, ನಾಲ್ಕು ಜನ ಏನಂದಾರು ಎಂಬುದು ತಡೆದಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ದೂರ ಅನ್ನುವುದು ಯಾರೂ ತಪ್ಪು ಹಿಡಿಯಲಾರದ ಮಾತು. ಅದರ ಹಿಂದೆ ಐದು ವರ್ಷ ಅಡಗಿ ಕೂತೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆಯಲಿಲ್ಲ.

ಕೂಸು ಹುಟ್ಟಿದ ಸುದ್ದಿ ಬಂದ ದಿನ ನಾನು ಓಣಿಗೆಲ್ಲ ಪೇಡೆ ಹಂಚಿದೆ. ಹಂಚಿ ಬರುವಷ್ಟರಲ್ಲಿ ಗಂಗವ್ವ ಹಳೆಯ ಟ್ರಂಕು ಕೆಳಗಿಳಿಸಿದ್ದಳು. "ಬಾಣಂತನಕ್ಕ ನಾ ಹೊಂಟೆ. ನೀವು ಬರ್ರಿ, ಬಿಡ್ರಿ," ಅಂದಳು. ನಲವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಕೇಳದೆ ಅವಳು ಮಾಡಿದ ಮೊದಲ ತೀರ್ಮಾನ ಅದು. ಪಕ್ಕದ ಮನೆಯವರಿಂದ ವಿಮಾನದ ಟಿಕೀಟು ತೆಗೆಸಿದಳು, ಒಬ್ಬರಿಗೆ ಹತ್ತು ಸಾವಿರದ ಮೇಲಾಯಿತು. ಸಿಕ್ಕದ್ದು ಅಮಾವಾಸ್ಯೆಯ ದಿನದ್ದು. ನನಗೆ ಅದೊಂದೇ ಚಿಂತೆ ಹತ್ತಿತು. ಮೂವತ್ತೊಂದು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡದೆ ನಾನು ಬಸ್ಸು ಬಿಟ್ಟವನಲ್ಲ. ಒಂದು ಒಳ್ಳೆಯ ಹಣ್ಣು ಆರಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ತಪಾಸಣೆಯಲ್ಲಿ ಅದನ್ನು ಯಾರೂ ಬೇಡ ಅನ್ನಲಿಲ್ಲ. ಬಾಣಂತಿಗೆ ಕಟ್ಟಿದ ಅಂಟಿನ ಉಂಡಿ, ಜೋಳದ ಹಿಟ್ಟು, ಕೌದಿ, ಕೂಸಿನ ತಲೆಗೆ ಹೊಲಿದ ಕುಲಾವಿ ಎಲ್ಲ ದಾಟಿದವು. ಹುಬ್ಬಳ್ಳಿಯಲ್ಲಿ ವಿಮಾನದವರೆಗೆ ನಡೆದೇ ಹೋಗಬೇಕು. ನೆಲದ ಮೇಲೆ ಗೆರೆ ಹಾಕಿದ್ದಾರೆ, ಅದರೊಳಗೆ ಸಾಲಾಗಿ ಹೋಗುತ್ತಿದ್ದೆವು. ವಿಮಾನ ಹತ್ತಿರ ಬಂದಂತೆ ಅದರ ಮುಂದಿನ ಗಾಲಿ ಕಂಡಿತು. ಅಷ್ಟು ದೊಡ್ಡ ಗಾಡಿಗೆ ಅಷ್ಟು ಸಣ್ಣ ಗಾಲಿ! ನನಗೆ ಮೈಮೇಲೆ ಖಬರೇ ಇರಲಿಲ್ಲ. ಜೇಬಿಗೆ ಕೈ ಹಾಕಿ, ಗೆರೆ ದಾಟಿ, ಆ ಕಡೆ ನಡೆದುಬಿಟ್ಟೆ.

"ಏ ಅಜ್ಜಾರ! ನಿಂದರ್ರಿ! ನಿಂದರ್ರಿ ಅಲ್ಲೆ!"

ಹಳದಿ ಜಾಕೀಟು ಹಾಕಿದ್ದ ಒಬ್ಬ ಹೆಣ್ಣುಮಗಳು ಓಡಿಬಂದಳು. ಅವಳ ಹಿಂದೆ ಬಂದೂಕು ಹಿಡಿದವನೂ ಬಂದ. ಮೆಟ್ಟಿಲ ಮೇಲಿದ್ದ ಜನ ಅಲ್ಲಲ್ಲೇ ನಿಂತು ತಿರುಗಿ ನೋಡಿದರು.

"ಕೈಯಾಗ ಏನೈತಿ?"

"ನಿಂಬಿಹಣ್ಣವಾ."

"ಯಾಕ?"

"ಗಾಲಿ ಬುಡಕ ಇಡಾಕ. ಅಮಾಸಿ ಐತಿ. ಒಳಗ ನನ್ನ ಹೇಣ್ತಿ ಕುಂದ್ರಾಕಿ ಅದಾಳ."

ಬಂದೂಕಿನವನಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಹಿಂದಿಯಲ್ಲಿ ತಿಳಿಸಿದಳು. ಅವನ ಮುಖದಲ್ಲಿ ನಗು ಬರಲಿಲ್ಲ. ನನ್ನ ಟಿಕೀಟು, ಆಧಾರ ಕಾರ್ಡು ಎಲ್ಲ ನೋಡಿದ. ಗಂಗವ್ವ ಕೌದಿಯ ಗಂಟು ಎದೆಗೆ ಒತ್ತಿಕೊಂಡು ಗೆರೆಯೊಳಗೆ ನಿಂತೇ ಇದ್ದಳು.

"ನೀವು ಏನ ಕೆಲಸಾ ಮಾಡ್ತಿದ್ರಿ ಅಜ್ಜಾರ?" ಅಂತ ಹೆಣ್ಣುಮಗಳು ಕೇಳಿದಳು.

"ಬಸ್ ಡ್ರೈವರ್ ಇದ್ದೆ."

"ನೀವು ಬಸ್ ಬಿಡೂ ಹೊತ್ತಿಗೆ ಯಾರರ ಹೇಳಲಾರದ ಗಾಲಿ ಬುಡಕ ಬಗ್ಗಿದ್ರ ಏನ ಮಾಡ್ತಿದ್ರಿ?"

"ಬೈತಿದ್ದೆ."

"ಸ್ವಲ್ಪ ಬೈತಿದ್ರೋ, ಭಾಳ ಬೈತಿದ್ರೋ?"

"ಭಾಳ."

"ಹಂಗಾದ್ರ ಅವೆಲ್ಲಾ ಬೈಗಳ ಬೈದೆ ಅಂತ ತಿಳಕೋರಿ. ಕೊಡ್ರಿ ಇಲ್ಲೆ."

ನಿಂಬೆಹಣ್ಣು ಅವಳ ಕೈಗೆ ಕೊಟ್ಟೆ. ತಪ್ಪಾತು ತಾಯಿ ಅಂದೆ. ಏನು ಮಾಡಬೇಕೋ ತಿಳಿಯದೆ ಪೇಡೆಯ ಪುಡಿಕೆ ಮುಂದೆ ಹಿಡಿದೆ. ಡ್ಯೂಟಿ ಮೇಲೆ ತೆಗೆದುಕೊಳ್ಳುವುದಿಲ್ಲ ಅಂದಳು. ಮೊಮ್ಮಗಳು ಹುಟ್ಟಿದ್ದು ಅಂದಾಗ ಒಂದು ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡಳು. ವಿಮಾನ ನನ್ನಿಂದ ಹತ್ತು ನಿಮಿಷ ತಡವಾಯಿತು. ಒಂದು ನಿಮಿಷ ತಡ ಮಾಡಿದ ಪ್ಯಾಸೆಂಜರಿಗೆ ಹಾರ್ನ್ ಒತ್ತಿ ಒತ್ತಿ ಅವಮಾನ ಮಾಡಿದವನು ನಾನು. ತಲೆ ಬಗ್ಗಿಸಿ ನಡುವಿನ ದಾರಿಯಲ್ಲಿ ಹೋಗಿ ಕೂತೆ.

ಪಟ್ಟಿ ಕಟ್ಟಿಕೊಂಡ ಮೇಲೆ ಗಂಗವ್ವ ಕಿಟಕಿಯ ಕಡೆ ಮುಖ ಮಾಡಿ ಅಂದಳು: "ಸಾಕಾತೇನು ಮರ್ಯಾದಿ?"

"ನಿನ್ನ ಸಲುವಾಗಿ ಇಡಾಕ ಹೋದ್ನಿ."

"ನನ್ನ ಸಲುವಾಗಿ ಏನರ ಮಾಡೂದಿದ್ರ, ಐದ ವರ್ಷದ ಹಿಂದ ಕರಕೊಂಡ ಹೋಗಬೇಕಿತ್ತು."

ಬೆಂಗಳೂರಿಗೆ ಒಂದು ತಾಸು ಹಿಡಿಯಿತು.

ಬೆಂಗಳೂರಿನಲ್ಲಿ ಮೂರು ತಾಸು ಕಾಯಬೇಕಿತ್ತು. ನಿಲ್ದಾಣ ಬಹಳ ಚೆಂದ ಇದೆ, ಗಿಡ ಬಳ್ಳಿ ಬೆಳೆಸಿದ್ದಾರೆ. ಚಹಾದ ಬೆಲೆ ಕೇಳಿ ಇಬ್ಬರಿಗೂ ಚಹಾದ ಆಸೆ ಹೋಯಿತು. ನೀರು ಕುಡಿದು, ತಂದಿದ್ದ ಗೋದಿ-ಬೆಲ್ಲದ ಮಾದ್ಲಿ ತಿಂದೆವು. ನಾನು ಎದುರಿಗೆ ಕೂತವರಿಗೆಲ್ಲ ಪೇಡೆ ಹಂಚಿದೆ. ಗಂಗವ್ವ "ಕೂಸಿನ ಮನಿಯವರಿಗೆ ನಾಕರ ಉಳಸ್ರಿ" ಅಂದು ಪುಡಿಕೆ ಕಸಿದುಕೊಂಡಳು.

ಹನ್ನೆರಡೂವರೆಗೆ ಗುವಾಹಟಿಯ ವಿಮಾನ ಹೊರಟಿತು. ನನ್ನ ಪಕ್ಕದಲ್ಲಿ ಅಸ್ಸಾಮಿನ ಚಹಾ ತೋಟದ ಗುಮಾಸ್ತರೊಬ್ಬರು ಕೂತಿದ್ದರು. ಕಣ್ಣಿನ ಆಪರೇಶನ್ನಿಗೆ ಬೆಂಗಳೂರಿಗೆ ಬಂದಿದ್ದವರು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕಲಿತ ನನ್ನ ಹಿಂದಿ ಅವರಿಗೆ ತಿಳಿಯಿತು. ವಿಮಾನ ಮೇಲೇರಿದ ಮೇಲೆ ಪೈಲಟ್ ಏನೋ ಹೇಳಿದ. ಎರಡು ತಾಸು ಐವತ್ತೈದು ನಿಮಿಷ ಅಂದಂತೆ ಕೇಳಿಸಿತು. ಅರ್ಧ ಹಾದಿಯಲ್ಲಿ ಎಲ್ಲೋ ನಿಲ್ಲಿಸುತ್ತಾರೆ, ಅಲ್ಲಿಯತನಕದ ಲೆಕ್ಕ ಅಂದುಕೊಂಡೆ.

"ನಡುವ ಎಲ್ಲಿ ನಿಲ್ಲತೈತಿ?" ಅಂತ ಹಿಂದಿಯಲ್ಲಿ ಗುಮಾಸ್ತರನ್ನು ಕೇಳಿದೆ.

"ಎಲ್ಲೂ ಇಲ್ಲ. ಸೀದಾ ಗುವಾಹಟಿ."

"ಎಷ್ಟ ಕಿಲೋಮೀಟರ್ ಆಗತೈತಿ?"

"ನೆಟ್ಟಗೆ ಹಾರಿದರೆ ಎರಡು ಸಾವಿರದ ಮೇಲೆ ತುಸು."

ನಾನು ಮನಸ್ಸಿನಲ್ಲೇ ಗುಣಿಸಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್, ಹೋಗಿ ಬಂದರೆ ಒಂದು ರೌಂಡು. ದಿನಕ್ಕೆ ನಾಲ್ಕು ರೌಂಡು ಅಂದರೆ ನೂರಾ ಅರವತ್ತು. ಎರಡು ಸಾವಿರ ಅಂದರೆ ಹನ್ನೆರಡೂವರೆ ದಿನದ ಡ್ಯೂಟಿ. ಅಷ್ಟು ಹಾದಿಯನ್ನು ಮೂರು ತಾಸಿನೊಳಗೆ ಮುಗಿಸುತ್ತದಂತೆ. ಡ್ರೈವರನಾಗಿ ನನಗೆ ಅಭಿಮಾನ ಉಕ್ಕಿಬಂತು. ಗಂಗವ್ವನ ಕಡೆ ಬಗ್ಗಿ, "ಏ, ಕೇಳಿಲ್ಲೆ. ನನ್ನ ಹನ್ನೆರಡ ದಿನದ ಡ್ಯೂಟಿ ಇವಾ ಮೂರ ತಾಸಿನ್ಯಾಗ ಮುಗಸ್ತಾನ!" ಅಂದೆ.

ಅವಳು ನನ್ನ ಮುಖ ನೋಡಿದಳು. "ಎಷ್ಟ ತಾಸು?"

"ಮೂರು. ಅದೂ ಪೂರ್ತಿ ಇಲ್ಲ."

"ಅಂದ್ರ ನಿಮ್ಮ ಎರಡ ರೌಂಡು."

ನನಗೆ ತಟ್ಟನೆ ಹೊಳೆಯಲಿಲ್ಲ. ಅವಳೇ ಮುಂದೆ ಹೇಳಿದಳು. "ಮುಂಜಾನಿ ಎರಡ ರೌಂಡ ಮುಗಿಸಿ ನೀವು ಉಣಕಲ್ ಸ್ಟಾಪಿಗೆ ಡಬ್ಬಿ ಇಸಗೊಳ್ಳಾಕ ಬರ್ತಿದ್ರಿ. ಅಷ್ಟ ಹೊತ್ತು. ನನ್ನ ಮಗಳು ಅಷ್ಟ ದೂರ ಇದ್ದಳು."

ಆಮೇಲೆ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕುಲಾವಿಯ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. ನಾನು ಕೈಗಡಿಯಾರ ನೋಡಿದೆ. ಇಡೀ ಜನ್ಮದಲ್ಲಿ ಬಸ್ಸು ಬೇಗ ಮುಟ್ಟಲಿ ಅಂತ ಬೇಡಿಕೊಂಡವನು ನಾನು. ಅವತ್ತು ವಿಮಾನ ತಡವಾಗಲಿ ಅಂತ ಬೇಡಿಕೊಂಡೆ. ಐದು ತಾಸಾಗಲಿ, ಎಂಟು ತಾಸಾಗಲಿ, ಹಾದಿ ತಪ್ಪಲಿ. ನಾನು ಐದು ವರ್ಷ ಹೇಳಿದ ಮಾತಿಗೆ ಸ್ವಲ್ಪವಾದರೂ ಬೆಲೆ ಬರಲಿ. ಪೈಲಟ್ ಬಹಳ ಶಿಸ್ತಿನವನು. ಹೇಳಿದ್ದಕ್ಕಿಂತ ಐದು ನಿಮಿಷ ಮೊದಲೇ ಇಳಿಸಿದ.

ಹೊರಗೆ ಬಿಪುಲ್ ನಿಂತಿದ್ದ. ಬಗ್ಗಿ ಇಬ್ಬರ ಕಾಲು ಮುಟ್ಟಿದ. "ಬರ್ರಿ ಮಾವಾರ, ಬರ್ರಿ ಅತ್ತಿ. ಆರಾಮ ಬಂದ್ರಲ್ಲ?" ಅಂದ. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಇದ್ದು ಕಲಿತ ಕನ್ನಡ. ಬೇರೆ ಭಾಷೆಯವನು ಅಂತ ನಾನು ದೂರವಿಟ್ಟ ಅಳಿಯ ನಮ್ಮ ಭಾಷೆಯಲ್ಲೇ ಮಾತಾಡುತ್ತ ನನ್ನ ಚೀಲ ಇಸಿದುಕೊಂಡ.

ನಿಲ್ದಾಣದಿಂದ ಅವರ ಮನೆಗೆ ಇಪ್ಪತ್ತೆರಡು ಕಿಲೋಮೀಟರ್. ಅದಕ್ಕೇ ಒಂದೂಕಾಲು ತಾಸಾಯಿತು, ಅಷ್ಟು ಗಾಡಿಗಳು. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ನಮ್ಮೂರಲ್ಲಿ ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ದೀಪ ಹಚ್ಚಿದ್ದರು. ಅಳಿಯ ಗಾಡಿ ಓಡಿಸುವುದನ್ನು ನೋಡುತ್ತ ಕೂತೆ. ಸುಮ್ಮನೆ ಹಾರ್ನ್ ಒತ್ತುವವನಲ್ಲ, ಬ್ರೇಕಿನ ಮೇಲೆ ಕಾಲು ಮೆತ್ತಗಿದೆ. ಇಂಥವನ ಕೈಗೆ ಮಗಳನ್ನು ಕೊಡಲು ನನಗೇನು ಅಡ್ಡಿಯಾಗಿತ್ತು ಅಂತ ಯೋಚಿಸಿದೆ.

ಮನೆ ಬಾಗಿಲಲ್ಲಿ ಬೀಗತಿ, ಬಿಪುಲ್‌ನ ತಾಯಿ, ಕೆಂಪಂಚಿನ ಬಿಳಿ ವಸ್ತ್ರವನ್ನು ನನ್ನ ಹೆಗಲಿಗೆ ಹಾಕಿದರು. ಅದು ಅಲ್ಲಿಯ ಮರ್ಯಾದೆ. ಒಳಗಿಂದ ಗೀತಾ ಬಂದಳು. ತಾಯಿ ಮಗಳು ಅಪ್ಪಿಕೊಂಡು ನಿಂತದ್ದನ್ನು ನಾನು ನೋಡಲಾರದೆ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ತಲೆ ಎತ್ತಿದಾಗ ಅವಳು ನನ್ನ ಮುಂದೆ ನಿಂತಿದ್ದಳು.

"ದಣದೀ ಏನಪ್ಪಾ? ಭಾಳ ದೂರ ಆತಲ್ಲ?"

ಆಗ ಹೇಳಿಬಿಡಬೇಕಿತ್ತು. "ಹೂಂವಾ, ಭಾಳ ದೂರ ಐತಿ," ಅಂದೆ. ಗಂಗವ್ವ ನನ್ನನ್ನು ನೋಡಿದ ನೋಟಕ್ಕೆ ಬಂದೂಕಿನವನ ನೋಟವೇ ಮೇಲು.

ಎಂಟು ದಿನ ಅಲ್ಲಿದ್ದೆ. ಮೊಮ್ಮಗಳ ಸುದ್ದಿ ಬರೆಯಲು ಹೊರಟರೆ ಕಾಗದ ಸಾಲುವುದಿಲ್ಲ. ಅಂಗೈಯಷ್ಟು ಮುಖ, ತಲೆ ತುಂಬ ಕೂದಲು. ನನ್ನ ತೋರುಬೆರಳನ್ನು ಬಸ್ಸಿನ ಗೇರ್ ಹಿಡಿದಂತೆ ಗಟ್ಟಿಯಾಗಿ ಹಿಡಿಯುತ್ತಿದ್ದಳು, ಬಿಡಿಸಿಕೊಂಡರೆ ಅಳುತ್ತಿದ್ದಳು. ಗಂಗವ್ವನಿಗೂ ಬೀಗತಿಗೂ ಒಂದು ಮಾತೂ ಒಬ್ಬರದೊಬ್ಬರಿಗೆ ತಿಳಿಯದು, ಆದರೂ ಅಡುಗೆಮನೆಯಲ್ಲಿ ದಿನವಿಡೀ ಮಾತು. ಗಂಗವ್ವ ನನ್ನ ನಿಂಬೆಹಣ್ಣಿನ ಪುರಾಣವನ್ನು ಕೈಸನ್ನೆಯಲ್ಲೇ ಹೇಳಿ ಎಲ್ಲರನ್ನೂ ನಗಿಸಿದಳು. ಆ ಸೀಮೆಯ ನಿಂಬೆಹಣ್ಣು ಗೇಣುದ್ದ ಇರುತ್ತದೆ, ಸೌತೆಕಾಯಿಯ ಹಾಗೆ. ಊಟಕ್ಕೆ ಅದನ್ನು ಹೋಳು ಮಾಡಿ ಬಡಿಸುತ್ತ ಬಿಪುಲ್, "ಮಾವಾರ, ಇದನ್ನ ಗಾಲಿ ಬುಡಕ ಇಟ್ರ ವಿಮಾನ ಮ್ಯಾಲೆ ಏಳೂದಿಲ್ಲ ನೋಡ್ರಿ" ಅಂದ. ನಾನೂ ನಕ್ಕೆ. ಒಂದು ದಿನ ಊರಿನ ಪಕ್ಕ ಹರಿಯುವ ದೊಡ್ಡ ನದಿಯನ್ನು ತೋರಿಸಿದರು. ಆಚೆ ದಂಡೆ ಮಸುಕಾಗಿ ಕಾಣುತ್ತಿತ್ತು. ಎಷ್ಟು ದೂರ ಅಂತ ಕೇಳುವುದಕ್ಕೂ ನನಗೆ ನಾಚಿಕೆಯಾಯಿತು.

ನಾನು ಹೊರಡುವ ಹಿಂದಿನ ದಿನ ಮುಂಜಾನೆ ಗಂಗವ್ವ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಮಲಗಿಸಿದಳು. ಅಂಗಳದಲ್ಲಿ ಎಳೆಬಿಸಿಲು. ಗೀತಾ ಪಕ್ಕದಲ್ಲಿ ಕೂತು ಅಂಟಿನ ಉಂಡಿ ತಿನ್ನುತ್ತಿದ್ದಳು.

"ಗೀತಾ, ಬಂದ ದಿನ ನಿನಗ ಸುಳ್ಳ ಹೇಳಿದೆ," ಅಂದೆ.

"ಏನ ಸುಳ್ಳಪ್ಪಾ?"

"ದೂರ ಐತಿ ಅಂದೆ. ದೂರ ಇಲ್ಲವಾ. ಎರಡ ರೌಂಡ ಐತಿ, ಅಷ್ಟ."

ಆ ಮಾತು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆಗೆ ಸೂಟಿಯಿದ್ದಾಗ ನನ್ನ ಊಟದ ಡಬ್ಬಿ ಹಿಡಿದು ಉಣಕಲ್ ಸ್ಟಾಪಿನಲ್ಲಿ ಕಾಯುತ್ತಿದ್ದವಳು ಅವಳೇ. ಮುಂಜಾನೆ ನಾನು ಹೊರಟಾಗ ಅಪ್ಪ ಯಾವಾಗ ಬರ್ತಾನ ಅಂತ ಕೇಳಿದರೆ, ಎರಡ ರೌಂಡ ಆದ ಮ್ಯಾಲೆ ಅಂತ ಅವರವ್ವ ಹೇಳುತ್ತಿದ್ದಳು.

ಉಂಡಿಯನ್ನು ಕೆಳಗಿಟ್ಟಳು. "ಗೊತ್ತೈತಿ," ಅಂದಳು. "ಐದ ವರ್ಷದ ಹಿಂದ ಇಲ್ಲಿಗೆ ವಿಮಾನದಾಗ ಬಂದೆನಲ್ಲ, ಅವತ್ತ ತಾಸು ನೋಡಿದ್ದೆ. ಇಳದ ಮ್ಯಾಲೆ ಇವರಿಗೆ ಅಂದೆ, ನಮ್ಮಪ್ಪನ ಎರಡ ರೌಂಡ ಆತು ಅಂತ."

"ಮತ್ತ ಫೋನಿನ್ಯಾಗ ಒಂದ ದಿನಾನೂ ಹೇಳಲಿಲ್ಲಲ್ಲವಾ? ನಾ ದೂರ ದೂರ ಅಂದಾಗೆಲ್ಲ ಹೂಂ ಹೂಂ ಅಂದಿ."

"ದೂರ ಇಲ್ಲ ಅಂದಿದ್ರ ನೀ ಬ್ಯಾರೆ ಕಾರಣ ಹೇಳಬೇಕಾಗ್ತಿತ್ತಪ್ಪಾ. ಅದನ್ನ ಕೇಳೂದು ನನಗ ಬ್ಯಾಡಾಗಿತ್ತು."

ನಾನು ಅಡಗಿದ್ದ ಜಾಗ ಅವಳಿಗೆ ಮೊದಲ ದಿನದಿಂದಲೂ ಕಾಣುತ್ತಿತ್ತು. ಕಂಡೂ ಕಾಣದವಳಂತೆ ಐದು ವರ್ಷ ನನ್ನ ಮರ್ಯಾದೆ ಕಾದಿದ್ದಳು. ತಪ್ಪಾತವಾ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ತೊಡೆ ಬೆಚ್ಚಗಾಯಿತು. ಕೌದಿ ದಾಟಿ ಧೋತರವೆಲ್ಲ ತೊಯ್ದಿತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗಂಗವ್ವ, "ನಾವು ಯಾರೂ ಬೈಲಿಲ್ಲ. ಮೊಮ್ಮಗಳು ನಿಮ್ಮನ್ನ ಬಿಡಲಿಲ್ಲ ನೋಡ್ರಿ," ಅಂದಳು. ಗೀತಾ ನಕ್ಕಳು. ನಗುತ್ತ ನಗುತ್ತ ನನ್ನ ಭುಜಕ್ಕೆ ಹಣೆ ಇಟ್ಟು ಅತ್ತಳು. ನಾನು ಒದ್ದೆಯಲ್ಲೇ ಕೂತಿದ್ದೆ. "ತಪ್ಪಾತವಾ," ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಏಳಲು ಮನಸ್ಸಾಗಲಿಲ್ಲ.

ಗಂಗವ್ವ ಮೂರು ತಿಂಗಳ ಬಾಣಂತನಕ್ಕೆ ಅಲ್ಲೇ ಉಳಿದಳು. ಅದು ಮುಗಿದ ಮೇಲೆ ಎಲ್ಲರೂ ಉಣಕಲ್ಲಿಗೆ ಬರಬೇಕು, ಕರೆಯಲು ನಾನೇ ಬರುತ್ತೇನೆ ಅಂತ ಬೀಗತಿಗೆ ಕೈಮುಗಿದು ಹೇಳಿದೆ. ಬಿಪುಲ್ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಅವರು ಒಂದು ಉದ್ದದ ನಿಂಬೆಹಣ್ಣು ತಂದು ನನ್ನ ಚೀಲಕ್ಕೆ ಹಾಕಿದರು.

ಹೊರಡುವ ಮುಂಜಾನೆ ಆರಕ್ಕೇ ಬಿಸಿಲು ಬಂದಿತ್ತು. ಗಂಗವ್ವ ಜೋಳದ ರೊಟ್ಟಿ ಬಡಿದಿದ್ದಳು. ಗೀತಾ ಅವನ್ನು ಬಟ್ಟೆಯಲ್ಲಿ ಸುತ್ತಿ, ಬದನೆಕಾಯಿ ಪಲ್ಯದ ಜೊತೆ ಡಬ್ಬಿಗೆ ಹಾಕಿ, ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಿಂದ ಡಬ್ಬಿ ಕೊಟ್ಟಳು. ಉಣಕಲ್ ಸ್ಟಾಪಿನಲ್ಲಿ ಬಸ್ಸಿನ ಕಿಟಕಿಗೆ ಎತ್ತಿ ಕೊಡುತ್ತಿದ್ದಳಲ್ಲ, ಹಾಗೆ. "ಎರಡ ರೌಂಡ ಆದ ಮ್ಯಾಲೆ ತೆಗಿ. ಮೊದ್ಲ ತೆಗೀಬ್ಯಾಡ," ಅಂದಳು. ಗಾಡಿ ತಿರುಗುವತನಕ ಹಿಂದೆ ನೋಡುತ್ತಲೇ ಇದ್ದೆ. ಅವಳು ಕೂಸಿನ ಕೈ ಹಿಡಿದು ಆಡಿಸುತ್ತಿದ್ದಳು.

ಒಂಬತ್ತಕ್ಕೆ ವಿಮಾನ ಹೊರಟಿತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕೈಗಡಿಯಾರ ನೋಡಲಿಲ್ಲ. ಬೆಂಗಳೂರಿನಲ್ಲಿ ಇಳಿದು, ಗಿಡ ಬಳ್ಳಿಗಳ ಹತ್ತಿರ ಒಂದು ಕುರ್ಚಿ ಹಿಡಿದು, ಗೀತಾಳಿಗೆ ಫೋನ್ ಮಾಡಿದೆ.

"ಮುಟ್ಟಿದೆನವಾ," ಅಂದೆ.

"ಊಟಾ ಆತೇನಪ್ಪಾ?"

"ಈಗ ಉಣ್ಣತೇನಿ."

ಹಿಂದಿನಿಂದ ಕೂಸು ಅಳುವುದು ಕೇಳಿಸಿತು. ಫೋನ್ ಇಟ್ಟು ಡಬ್ಬಿ ತೆರೆದೆ, ಬಟ್ಟೆಯ ಗಂಟು ಬಿಚ್ಚಿದೆ. ಎರಡು ಸಾವಿರ ಕಿಲೋಮೀಟರ್ ಆಚೆ ಬಡಿದ ರೊಟ್ಟಿ ಇನ್ನೂ ಮೆತ್ತಗಿತ್ತು.